ಇಳಿಜಾರಾದ ಮನೆ ಪ್ರವೇಶ ದಾರಿಯ ದುರಸ್ತಿ: ಮಿತವ್ಯಯದ ಕ್ರಮಗಳು

ಚಾಮರಾಜನಗರ ನಗರಸಭೆ ಹಾಗೂ ಗುಂಡ್ಲುಪೇಟೆ ಪುರಸಭೆ ವ್ಯಾಪ್ತಿಯಲ್ಲಿ ರಸ್ತೆಯ ಮಟ್ಟಕ್ಕಿಂತ ಎತ್ತರ ಅಥವಾ ತಗ್ಗಿನಲ್ಲಿರುವ ಮನೆಗಳಿಗೆ ಇಳಿಜಾರಾದ ಪ್ರವೇಶ ದಾರಿ ಅವಶ್ಯಕವಾಗಿರುತ್ತದೆ. ಇಂತಹ ದಾರಿಯ ಮೇಲ್ಮೈ ಕಿತ್ತುಹೋದಲ್ಲಿ ವೃದ್ಧರು ಹಾಗೂ ದ್ವಿಚಕ್ರ ವಾಹನ ಸವಾರರು ಜಾರಿ ಬೀಳುವ ಅಪಾಯವಿರುತ್ತದೆ. ಕಡಿಮೆ ವೆಚ್ಚದಲ್ಲಿ ದುರಸ್ತಿ ಕೈಗೊಳ್ಳಲು ಇಚ್ಛಿಸುವ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಾಳಾಗಲು ಕಾರಣ

ಬಹುತೇಕ ಸಂದರ್ಭಗಳಲ್ಲಿ ಮೂಲ ಕಾರಣ ನೀರು. ಈ ಭಾಗದಲ್ಲಿ ಮೇ ತಿಂಗಳಲ್ಲಿಯೂ ಸೆಪ್ಟೆಂಬರ್–ಅಕ್ಟೋಬರ್ ಅವಧಿಯಲ್ಲಿಯೂ ಹೆಚ್ಚು ಮಳೆಯಾಗುತ್ತದೆ. ದಾರಿಯ ಅಂಚಿನಿಂದ ಒಳನುಗ್ಗುವ ನೀರು ಅಡಿಯ ಮಣ್ಣನ್ನು ಕೊರೆಯುತ್ತದೆ. ಎರೆಮಣ್ಣು ಇರುವಲ್ಲಿ ಮಣ್ಣು ಉಬ್ಬಿ ಕುಗ್ಗುವುದರಿಂದ ಬಿರುಕುಗಳು ಉಂಟಾಗುತ್ತವೆ. ಆದುದರಿಂದ ಬಿರುಕಿನ ಮೇಲೆ ತೆಳುವಾದ ಸಿಮೆಂಟ್ ಗಾರೆ ಬಳಿಯುವುದು ಪರಿಹಾರವಲ್ಲ. ಅದು ಒಂದೆರಡು ಮಳೆಗಾಲದಲ್ಲಿಯೇ ಸಿಪ್ಪೆಯಂತೆ ಏಳುತ್ತದೆ. ಲಭ್ಯವಿರುವ ಹಣವನ್ನು ಮೊದಲು ನೀರಿನ ಹರಿವನ್ನು ಸರಿಪಡಿಸಲು ವಿನಿಯೋಗಿಸತಕ್ಕದ್ದು.

ಅನುಸರಿಸಬೇಕಾದ ಕ್ರಮಗಳು

1. ದಾರಿಯು ಮನೆಯ ಕಡೆಗೆ ಇಳಿಯುತ್ತಿದ್ದಲ್ಲಿ, ಹೊಸ್ತಿಲಿಗೆ ಮುನ್ನ ಅಡ್ಡ ಕಾಲುವೆ ನಿರ್ಮಿಸಿ, ನೀರನ್ನು ಪಕ್ಕದ ನಿವೇಶನಕ್ಕೆ ಹರಿಯದಂತೆ ಚರಂಡಿಗೆ ಸಾಗಿಸುವುದು.

2. ಹಳೆಯ ಕಾಂಕ್ರೀಟನ್ನು ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸುವುದು. ಟೊಳ್ಳು ಶಬ್ದ ಬರುವ ಭಾಗವನ್ನು ಮಾತ್ರ ಕಿತ್ತು, ಅಡಿಯನ್ನು ದಮ್ಮಸು ಮಾಡುವುದು. ಗಟ್ಟಿಯಾದ ಭಾಗವನ್ನು ಒರಟುಗೊಳಿಸಿ, ತೊಳೆದು, ಸಿಮೆಂಟ್ ತಿಳಿ ಬಳಿದು, ಅದು ಒಣಗುವ ಮುನ್ನ ಕನಿಷ್ಠ 50 ಮಿ.ಮೀ. ದಪ್ಪದ ಹೊಸ ಕಾಂಕ್ರೀಟ್ ಹಾಕುವುದು.

3. ಹಳೆಯ ದಾರಿ ಪೂರ್ಣವಾಗಿ ಹಾಳಾಗಿದ್ದಲ್ಲಿ ಚಕ್ರ ಹಾಯುವ ಎರಡು ಪಟ್ಟಿಗಳನ್ನು ಮಾತ್ರ ನಿರ್ಮಿಸಬಹುದು. 3 ಮೀಟರ್ ಅಗಲ, 5 ಮೀಟರ್ ಉದ್ದ, 100 ಮಿ.ಮೀ. ದಪ್ಪದ ಪೂರ್ಣ ಹಾಸಿಗೆ 1:1½:3 ಮಿಶ್ರಣದಲ್ಲಿ ಸುಮಾರು 12 ಚೀಲ ಸಿಮೆಂಟ್ ಬೇಕಾಗುತ್ತದೆ. ತಲಾ 60 ಸೆಂ.ಮೀ. ಅಗಲದ ಎರಡು ಪಟ್ಟಿಗಳಿಗೆ ಸುಮಾರು 5 ಚೀಲ ಸಾಕಾಗುತ್ತದೆ. ನಡುವಿನ ಜಾಗದಲ್ಲಿ ಹುಲ್ಲು ಬೆಳೆಸಬಹುದು ಅಥವಾ ಕಲ್ಲು ಹಾಸಬಹುದು.

4. ಮಿಶ್ರಣ ಗಟ್ಟಿಯಾಗಿರಬೇಕು. ಐಎಸ್ 456:2000ರ ಪ್ರಕಾರ ಎಂ-20 ದರ್ಜೆಯ ಈ ಮಿಶ್ರಣಕ್ಕೆ 50 ಕೆ.ಜಿ. ಚೀಲವೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬಳಸಬಾರದು. ನೀರು ಹೆಚ್ಚಾದಲ್ಲಿ ಕಾಂಕ್ರೀಟ್ ಇಳಿಜಾರಿನಲ್ಲಿ ಕೆಳಕ್ಕೆ ಜರಿಯುತ್ತದೆ. ತಗ್ಗಿನ ತುದಿಯಿಂದ ಆರಂಭಿಸಿ ಮೇಲ್ಮುಖವಾಗಿ ಹಾಕುತ್ತಾ ಹೋಗುವುದು.

5. ಮೇಲ್ಮೈಯನ್ನು ನುಣುಪುಗೊಳಿಸಬಾರದು. ಇಳಿಜಾರಿಗೆ ಅಡ್ಡಲಾಗಿ ಪೊರಕೆಯಿಂದ ಗೆರೆ ಎಳೆಯುವುದು. ಸುಮಾರು 2.5 ಮೀಟರಿಗೊಂದು ಜಾಯಿಂಟ್ ಬಿಡುವುದು.

6. ಇಳಿಜಾರಿನಲ್ಲಿ ನೀರು ಕಟ್ಟಿ ನಿಲ್ಲಿಸಲಾಗದ ಕಾರಣ, ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ 10 ದಿನ ತೇವ ಕಾಪಾಡುವುದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಇದನ್ನು ಕಡೆಗಣಿಸಿದಲ್ಲಿ ಉಳಿದೆಲ್ಲ ವೆಚ್ಚವೂ ವ್ಯರ್ಥವಾಗುವ ಸಂಭವವಿರುತ್ತದೆ.

ಸ್ಥಳೀಯ ಕಲ್ಲಿನ ಬಳಕೆ

ಚಾಮರಾಜನಗರ ಜಿಲ್ಲೆಯು ಕರಿಕಲ್ಲಿಗೆ ಹೆಸರಾಗಿದೆ. ಕಲ್ಲು ಕತ್ತರಿಸುವಲ್ಲಿ ಉಳಿಯುವ ತುಂಡುಗಳನ್ನು ಹಾಸಿಗೆ ಬಳಸಬಹುದು. ಆದರೆ ಒರಟು ಮುಖವನ್ನೇ ಮೇಲಕ್ಕಿಡತಕ್ಕದ್ದು. ಹೊಳಪು ಮಾಡಿದ ಮುಖ ಒದ್ದೆಯಾದಾಗ ಬಹಳ ಜಾರುತ್ತದೆ.

ಅನುಮತಿ

ಗೇಟಿನ ಹೊರಗಿನ ರಸ್ತೆ ಹಾಗೂ ಚರಂಡಿ ಸಾರ್ವಜನಿಕ ಸ್ವತ್ತಾಗಿರುತ್ತವೆ. ಆ ಭಾಗದಲ್ಲಿ ಯಾವುದೇ ಕಾಮಗಾರಿಗೆ ಮುನ್ನ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಿಂದ ಪೂರ್ವಾನುಮತಿ ಪಡೆಯತಕ್ಕದ್ದು. ಗುಂಡ್ಲುಪೇಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 766 ಹಾಗೂ 181ರ ಅಂಚಿನಲ್ಲಿರುವ ಮನೆಗಳ ಮಾಲೀಕರು ಹೆದ್ದಾರಿ ಪ್ರಾಧಿಕಾರಿಗಳ ಅನುಮತಿಯನ್ನೂ ಪಡೆಯಬೇಕಾಗುತ್ತದೆ. ಚರಂಡಿಯ ಮೇಲೆ ಹೂಳೆತ್ತಲು ಅನುಕೂಲವಾಗುವಂತೆ ತೆಗೆಯಬಹುದಾದ ಚಪ್ಪಡಿಗಳನ್ನೇ ಹಾಕುವುದು; ಚರಂಡಿಯನ್ನು ಮುಚ್ಚಿಬಿಟ್ಟಲ್ಲಿ ಮಳೆನೀರು ನೆರೆಹೊರೆಯ ಮನೆಗಳಿಗೆ ನುಗ್ಗುತ್ತದೆ.

ವಿಶೇಷ ಸೂಚನೆ: ಜನವರಿಯಿಂದ ಮಾರ್ಚ್‌ವರೆಗಿನ ಒಣ ಅವಧಿಯು ಈ ಕಾಮಗಾರಿಗೆ ಸೂಕ್ತವಾಗಿದ್ದು, ಮೇ ತಿಂಗಳ ಮಳೆಗೆ ಮುನ್ನ ಪೂರ್ಣಗೊಳಿಸುವುದು. ಭಾರವಾದ ವಾಹನಗಳನ್ನು 28 ದಿನಗಳವರೆಗೆ ದಾರಿಯ ಮೇಲೆ ಹಾಯಿಸಬಾರದು.