ಅರಳು ಮರಳಿನ ಆಚೆಗೆ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬೇಂದ್ರೆಯವರು ಅದನ್ನೇ ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಕವಿಯ ಕೈಯಲ್ಲಿ ಮರುಳು ಮರಳಿ ಅರಳುವುದಾಯಿತು. ಮನೆಮಾತಿನಲ್ಲಿ ಮಾತ್ರ ಅದು ತೀರ್ಪಾಗಿಯೇ ಉಳಿಯಿತು. ಮುದುಕರು ಮರೆತರೆ ಅದು ವಯಸ್ಸಿನ ಗುಣ, ಮಾಡುವುದೇನೂ ಇಲ್ಲ ಎಂಬ ತೀರ್ಪು. ಈ ತೀರ್ಪು ಮೆಲ್ಲಮೆಲ್ಲನೆ ಬದಲಾದ ಬಗೆ ತಿಳಿಯತಕ್ಕದ್ದು.

ನಾನಿರುವ ಅಕ್ಕಿಪೇಟೆಯ ಸುತ್ತಿನ ಹಳೆಯ ಬೆಂಗಳೂರಿಗೆ ಈ ಚರಿತ್ರೆಯ ನಂಟುಂಟು. 1847ರಲ್ಲಿ ಡಾಕ್ಟರ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಸರ್ಜನ್ ಇಲ್ಲಿ ಹುಚ್ಚಾಸ್ಪತ್ರೆಯೊಂದನ್ನು ಆರಂಭಿಸಿದನು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂತು. 1954ರಲ್ಲಿ ಅಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರಿನೊಡನೆ ನೋಟವೂ ಬದಲಾಯಿತು. 1950ರ ದಶಕದಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರರು ಬಂಧುಗಳನ್ನೂ ರೋಗಿಗಳೊಡನೆ ಡೇರೆಗಳಲ್ಲಿ ಇರಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳಿಸಿದರು. ಮುಂದೆ ಬೆಂಗಳೂರಿನಲ್ಲಿಯೂ ಬಂಧುಗಳು ಜೊತೆಗಿರುವ ವಾರ್ಡುಗಳು ಬಂದವು. ಗೋಡೆಯ ಹೊರಗೆ ನಿಂತವರು ಒಳಗೆ ಬಂದರು.

ಮರೆವಿನ ರೋಗದ ಕಥೆ ಇದಕ್ಕೆ ಸಮಾನಾಂತರವಾಗಿ ಜರ್ಮನಿಯಲ್ಲಿ ನಡೆಯಿತು. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸು ಬಂದಳು. ವೈದ್ಯ ಅಲೋಯಿಸ್ ಆಲ್ಝೈಮರ್ ಅವಳ ಮಾತುಗಳನ್ನು ಬರೆದಿಟ್ಟುಕೊಂಡನು. 1906ರಲ್ಲಿ ಅವಳು ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಅಲ್ಲಿ ಕಂಡ ವಿಕಾರಗಳನ್ನು ಅದೇ ವರ್ಷ ವಿದ್ವಾಂಸರ ಮುಂದಿಟ್ಟನು. 1910ರಲ್ಲಿ ಕ್ರೇಪೆಲಿನ್ ಆ ರೋಗಕ್ಕೆ ಅವನ ಹೆಸರನ್ನೇ ಇಟ್ಟನು. ಆದರೂ ಬಹುಕಾಲ ಇದು ನಡುವಯಸ್ಸಿನವರ ಅಪರೂಪದ ರೋಗವೆಂದೇ ಎಣಿಕೆಯಿತ್ತು. ವೃದ್ಧರ ಮರೆವಿನಲ್ಲಿ ಬಹುಪಾಲು ಇದೇ ರೋಗವೆಂದು 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ವಾದಿಸಿದ ಮೇಲೆ ಲೋಕದ ಕಣ್ಣು ತೆರೆಯಿತು. ಥೈರಾಯ್ಡಿನ ದೋಷದಿಂದ, ಬಿ12 ಜೀವಸತ್ವದ ಕೊರತೆಯಿಂದ ಬರುವ ಮರೆವಿಗೆ ಚಿಕಿತ್ಸೆಯುಂಟು. ವಯಸ್ಸಿನ ಗುಣವೆಂದು ಸುಮ್ಮನಿದ್ದರೆ ಅದೂ ಕೈತಪ್ಪುತ್ತದೆ.

ಆಲ್ಝೈಮರ್ ರೋಗವನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಆದುದರಿಂದಲೇ ಆರೈಕೆಗೆ ಬೆಲೆ. 1981ರಲ್ಲಿ ಮೇಸ್ ಮತ್ತು ರಾಬಿನ್ಸ್ ಎಂಬ ಇಬ್ಬರು ಮನೆಯವರಿಗಾಗಿ ಬರೆದ ಪುಸ್ತಕದ ಹೆಸರು ‘ಮೂವತ್ತಾರು ಗಂಟೆಯ ದಿನ’ ಎಂದು. ನೋಡಿಕೊಳ್ಳುವವರ ಪಾಡನ್ನು ಆ ಹೆಸರೇ ಹೇಳುತ್ತದೆ. ರೋಗಿಯಲ್ಲಿ ಮೊದಲು ಮನುಷ್ಯನನ್ನು ಕಾಣಬೇಕೆಂದು ಇಂಗ್ಲೆಂಡಿನ ಟಾಮ್ ಕಿಟ್‌ವುಡ್ 1997ರಲ್ಲಿ ಬರೆದನು. ನಮ್ಮಲ್ಲಿ 1992ರಲ್ಲಿ ಕೇರಳದಲ್ಲಿ ಇಂಥವರ ಸಂಘವೊಂದು ಹುಟ್ಟಿತು. 1998ರಲ್ಲಿ ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಆರಂಭವಾಯಿತು. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಮರೆವಿನ ತಂದೆಯಾಗಿ ಕಾಣೆಯಾದರು. ಹುಡುಕಹೊರಟ ಮಗನಿಗೆ ತಂದೆಯ ಗುರುತು ಹತ್ತಿದ್ದು ಆಮೇಲೆ.

ಪುಸ್ತಕದ ಮಾತು ನಮ್ಮ ಬೀದಿಯಲ್ಲಿಯೂ ನಿಜ. ಇಲ್ಲಿಯ ಅಜ್ಜಿಯೊಬ್ಬರಿಗೆ ಮಗನ ಹೆಸರು ನೆನಪಿಲ್ಲ. ಆದರೆ ಮೊರದಲ್ಲಿ ಎರಡು ಪಾವು ಅಕ್ಕಿ ಹಾಕಿ ಮುಂದಿಟ್ಟರೆ ಕೈ ತಾನಾಗಿ ಕೇರುತ್ತದೆ, ಕಲ್ಲು ಆರಿಸುತ್ತದೆ. ಹೆಸರುಗಳು ಅಳಿಸಿಹೋದ ಮೇಲೂ ಕೈ ಕಲಿತ ಕೆಲಸ, ಬಾಯಿಗೆ ಬಂದ ಹಾಡು ಬಹಳ ದಿನ ಉಳಿಯುವುದುಂಟು. “ಊರಿಗೆ ಹೋಗಬೇಕು, ಅಪ್ಪ ಕಾಯ್ತಿದ್ದಾರೆ” ಎಂದು ಅಜ್ಜಿ ಎದ್ದರೆ, ಅಪ್ಪ ಸತ್ತು ಐವತ್ತು ವರ್ಷವಾಯಿತೆಂದು ಸೊಸೆ ವಾದಿಸುವುದಿಲ್ಲ. “ನಿಮ್ಮಪ್ಪ ಸಂತೆಯಿಂದ ಏನು ತರ್ತಿದ್ರು, ಅತ್ತೆ?” ಎಂದು ಕೇಳುತ್ತಾಳೆ. ಅಜ್ಜಿ ಕುಳಿತು ಹೇಳತೊಡಗುತ್ತಾರೆ.

ಇದು ಹೆಣ್ಣಿಗೆ ಹುಟ್ಟಿನಿಂದ ಬಂದ ಗುಣವೆಂದು ಹೊಗಳಿ ಕೈತೊಳೆದುಕೊಳ್ಳುವುದು ನಮಗೆ ಸುಲಭ. ಇದು ಕಲಿತು ಮಾಡುವ ಕೆಲಸ. ಕಲಿತರೆ ಗಂಡಸಿಗೂ ಬರುತ್ತದೆ. ವಾರಕ್ಕೆರಡು ಮಧ್ಯಾಹ್ನ ಮಗನೇ ಆ ಮೊರದ ಎದುರು ಕುಳಿತರೆ ಸೊಸೆಯ ಮೂವತ್ತಾರು ಗಂಟೆಯ ದಿನ ಸ್ವಲ್ಪವಾದರೂ ಕಿರಿದಾದೀತು.