ಬಿನ್ನಹವೆಂಬ ಪದ ಮತ್ತು ಬುಕ್ಕರಾಯನ ಶಾಸನ

ಪ್ರಾಚೀನ ಗ್ರೀಕರು ಮೊರೆಗೆ ಬಳಸುತ್ತಿದ್ದ ಪದಗಳಲ್ಲಿ ‘ದೇಎಸಿಸ್’ ಒಂದು. ಅದರ ಮೂಲವಾದ ಕ್ರಿಯಾಪದಕ್ಕೆ ಕೊರತೆಯಲ್ಲಿರು ಎಂದು ಅರ್ಥ. ಬೇಡು ಎಂಬುದು ಅದರಿಂದ ಬೆಳೆದ ಅರ್ಥ. ಕ್ರಿ.ಶ. 238ರಲ್ಲಿ ಥ್ರೇಸ್ ಪ್ರಾಂತ್ಯದ ಸ್ಕಾಪ್ಟೊಪಾರಾ ಎಂಬ ಹಳ್ಳಿಯವರು ರೋಮನ್ ಚಕ್ರವರ್ತಿ ಮೂರನೆಯ ಗೋರ್ಡಿಯನ್‌ಗೆ ಸಲ್ಲಿಸಿ ಕಲ್ಲಿನಲ್ಲಿ ಕೆತ್ತಿಸಿದ ಮನವಿಗೆ ಇದೇ ಹೆಸರು. ಸೈನಿಕರೂ ಅಧಿಕಾರಿಗಳೂ ಹಣ ಕೊಡದೆ ಊಟ ವಸತಿಗಳನ್ನು ಪಡೆಯುತ್ತಿದ್ದಾರೆಂಬುದು ಅವರ ಅಳಲು. ಚಕ್ರವರ್ತಿ ಅವರನ್ನು ಪ್ರಾಂತ್ಯಾಧಿಕಾರಿಯ ಬಳಿಗೇ ಹಿಂದಿರುಗಿಸಿದನು.

ಕನ್ನಡದ ‘ಬಿನ್ನಪ’ ಬೇರೆ ಬೇರಿನಿಂದ ಬಂದುದು. ಸಂಸ್ಕೃತದ ‘ವಿಜ್ಞಾಪನ’ದ ತದ್ಭವವಾದ ಇದು ನಡುಗನ್ನಡದಲ್ಲಿ ‘ಬಿನ್ನಹ’ವಾಯಿತು. ತಿಳಿಯಪಡಿಸುವುದೇ ಇದರ ಅರ್ಥ. ‘ಅರಿ’ ಧಾತುವಿನಿಂದಾದ ನಮ್ಮ ‘ಅರಿಕೆ’ಯೂ ಅಂಥದೇ. ಚಿಂತಾಮಣಿ, ಶಿಡ್ಲಘಟ್ಟಗಳ ಕಚೇರಿಗಳಲ್ಲಿ ಇಂದು ಸಲ್ಲುವ ‘ಅರ್ಜಿ’ಯ ಅರಬ್ಬೀ ಮೂಲಕ್ಕೆ ಮುಂದಿಡುವುದೆಂಬ ಅರ್ಥವಿದೆ. ಇಲ್ಲಿ ಮೊರೆಯಿಡುವವನು ತನ್ನ ಕೊರತೆಯನ್ನಲ್ಲ, ತಾನು ಬಲ್ಲ ಸಂಗತಿಯನ್ನು ಹೇಳುತ್ತಾನೆ. ಒಮ್ಮೆ ತಿಳಿದ ಅರಸನು ತಿಳಿಯದವನಂತೆ ಇರಲಾರನು.

1368ರ ಶ್ರವಣಬೆಳಗೊಳದ ಶಾಸನ ಇದಕ್ಕೆ ಸಾಕ್ಷಿ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಹುಟ್ಟಿದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯಜನರು ತಮಗಾದ ಅನ್ಯಾಯಗಳನ್ನು ಬುಕ್ಕರಾಯನಿಗೆ ಬಿನ್ನಹ ಮಾಡಿದರು. ಇವುಗಳಲ್ಲಿ ಪೆನುಗೊಂಡೆಯು ಗೌರಿಬಿದನೂರಿನಿಂದ ಹಿಂದೂಪುರದ ಮೂಲಕ ಉತ್ತರಕ್ಕೆ ಹೋದರೆ ಸಿಗುವ ಇಂದಿನ ಪೆನುಕೊಂಡ. ಕಲ್ಲೆಹವು ಮಾಗಡಿ ತಾಲ್ಲೂಕಿನ ಕಲ್ಯ.

ಅರಸನು ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಉಳಿಯಿತು. ತಿರುಮಲೆಯ ತಾತಯ್ಯನು ಜೈನರ ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸಬೇಕೆಂದು ವಿಧಿಸಲಾಯಿತು.

ಈ ಶಾಸನವನ್ನು ಸಮನ್ವಯದ ಸಂಕೇತವೆಂದು ಕೊಂಡಾಡುವುದು ವಾಡಿಕೆ. ಆದರೆ ಕಲ್ಲನ್ನು ಮೊದಲಿನಿಂದ ಓದಬೇಕು. ಅದು ಆರಂಭವಾಗುವುದು ರಾಮಾನುಜರ ಸ್ತುತಿಯಿಂದ. ಅಲ್ಲಿ ಅವರು ಪಾಷಂಡರೆಂಬ ಸಾಗರಕ್ಕೆ ಬಡಬಾಗ್ನಿ. ದೂರಿಗೆ ಗುರಿಯಾದ ಪಕ್ಷದವರೇ ರಕ್ಷಕರಾದರು. ರಕ್ಷಣೆಯ ವೆಚ್ಚ ಮೊರೆಯಿಟ್ಟವರದಾಯಿತು. ಸಮಾನತೆಯ ಘೋಷಣೆಯೂ ಬಲಾಬಲಗಳ ವಾಸ್ತವವೂ ಒಂದೇ ಕಲ್ಲಿನಲ್ಲಿವೆ.

ಹಾಗಾದರೆ ಬಿನ್ನಹದ ಫಲವೇನು? ಅರಸನ ಮಾತು ಕಲ್ಲಿಗೇರಿತು, ಮೀರಿದವನು ರಾಜದ್ರೋಹಿಯೆನಿಸಿದನು. ಶಾಸನದ ಕೊನೆಯಲ್ಲಿ ಕಲ್ಲೆಹದ ಬುಸುವಿಸೆಟ್ಟಿಯು ಮತ್ತೆ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದ ಉಲ್ಲೇಖವಿದೆ. ಅವನಿಗೆ ಸಂಘನಾಯಕ ಪದವಿಯನ್ನು ಕೊಟ್ಟವರು ಎರಡೂ ಸಮಯದವರು ಒಟ್ಟಾಗಿ.