ಗಾಳಿಯ ದಬ್ಬೆ: ಸ್ಲೀಪ್ ಅಪ್ನಿಯ ಮತ್ತು ಸಿಪ್ಯಾಪ್ ಯಂತ್ರದ ಚರಿತ್ರೆ

ಜೋರಾಗಿ ಗೊರಕೆ ಹೊಡೆಯುವವರಿಗೆ ಸೊಂಪಾದ ನಿದ್ದೆ ಬಂದಿದೆ ಎಂದು ನಂಬುವವರು ಇಂದಿಗೂ ಇದ್ದಾರೆ. ಆದರೆ ಅಂಥ ಗೊರಕೆ, ನಿದ್ದೆಯಲ್ಲಿ ಮತ್ತೆಮತ್ತೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯದ ಸುಳಿವೂ ಆಗಿರಬಹುದು. ಈ ಕಾಯಿಲೆಯ ಚರಿತ್ರೆಯನ್ನು ಸಾಮಾನ್ಯವಾಗಿ ಮೊದಲು ರೋಗ ತಿಳಿಯಿತು, ಆಮೇಲೆ ಯಂತ್ರ ಬಂತು ಎಂಬ ಕ್ರಮದಲ್ಲಿ ಹೇಳುವುದುಂಟು. ನಡೆದದ್ದು ಅಷ್ಟು ಸರಳವಲ್ಲ. ರೋಗದ ಮರ್ಮ ಬಿಡಿಸುವುದರಲ್ಲಿ ಯಂತ್ರದ ಪಾಲು ದೊಡ್ಡದು ಎಂಬುದು ಈ ಲೇಖನದ ವಾದ.

1836-37ರಲ್ಲಿ ಕಂತುಗಳಾಗಿ ಬಂದ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ದಢೂತಿ ಹುಡುಗನಿದ್ದಾನೆ. ಎಲ್ಲೆಂದರಲ್ಲಿ ನಿದ್ದೆ ಹೋಗುವವನು. 1956ರಲ್ಲಿ ಅಮೆರಿಕದ ಸಿಡ್ನಿ ಬರ್‌ವೆಲ್ ಮತ್ತು ಸಂಗಡಿಗರು ತಮ್ಮ ರೋಗಿಯೊಬ್ಬನ ಕಾಯಿಲೆಗೆ ಈ ಕಾದಂಬರಿಯ ಹೆಸರನ್ನೇ ಕೊಟ್ಟರು. ಅವನು 51 ವರ್ಷದ ಉದ್ಯಮಿ. ಪೋಕರ್ ಆಡುವಾಗ ಮೂರು ಎಕ್ಕ, ಎರಡು ರಾಜ ಕೈಯಲ್ಲಿದ್ದೂ ತೂಕಡಿಸಿ ಆಟ ಬಿಟ್ಟುಕೊಟ್ಟವನು! ಬೊಜ್ಜಿನಿಂದ ಉಸಿರಾಟ ಮಂದವಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದೇ ಈ ಮಂಪರಿಗೆ ಕಾರಣ ಎಂದು ಅವರು ವಿವರಿಸಿದರು. ಗಂಟಲು ಮುಚ್ಚಿಕೊಳ್ಳುವ ಮಾತು ಆ ವಿವರಣೆಯಲ್ಲಿ ಇರಲಿಲ್ಲ.

ಮಲಗಿದವರ ಉಸಿರನ್ನೂ ಮಿದುಳಿನ ಅಲೆಗಳನ್ನೂ ಒಟ್ಟಿಗೆ ದಾಖಲಿಸಿದ ಮೇಲೆ ಚಿತ್ರ ಬದಲಾಯಿತು. 1965ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ತೋ ತಂಡ, ಜರ್ಮನಿಯ ಫ್ರೈಬರ್ಗ್‌ನಲ್ಲಿ ಯುಂಗ್ ಮತ್ತು ಕೂಲೋ ಬೇರೆಬೇರೆಯಾಗಿಯೇ ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ವರದಿ ಮಾಡಿದರು. ಎದೆ, ಹೊಟ್ಟೆ ಉಸಿರಿಗಾಗಿ ಹೆಣಗುತ್ತಿರುತ್ತವೆ, ಮೂಗು ಬಾಯಿಗಳಲ್ಲಿ ಗಾಳಿ ಮಾತ್ರ ಆಡುವುದಿಲ್ಲ. ಮಿದುಳು ಕ್ಷಣ ಎಚ್ಚೆತ್ತಾಗ ಗಂಟಲು ತೆರೆಯುತ್ತದೆ. ನಿದ್ದೆ ಹತ್ತಿದರೆ ಮತ್ತೆ ಅದೇ ಕಥೆ. ಹಗಲಿನ ತೂಕಡಿಕೆಗೆ ಕಾರಣ ಈ ಹರಿದ ನಿದ್ದೆ. 1976ರಲ್ಲಿ ಸ್ಟ್ಯಾನ್‌ಫರ್ಡ್‌ನ ಗಿಯೆಮಿನೋ ಮತ್ತು ಸಹೋದ್ಯೋಗಿಗಳು ಇದಕ್ಕೆ ‘ಸ್ಲೀಪ್ ಅಪ್ನಿಯ’ ಎಂಬ ಹೆಸರನ್ನು ನೆಲೆಗೊಳಿಸಿದರು. ಉಸಿರು ಕನಿಷ್ಠ 10 ಸೆಕೆಂಡ್ ನಿಲ್ಲಬೇಕು ಎಂಬ ಅಳತೆ ಈಗಲೂ ಬಳಕೆಯಲ್ಲಿದೆ.

ಚಿಕಿತ್ಸೆ ಮಾತ್ರ ಕಠೋರವಾಗಿತ್ತು. ಕುತ್ತಿಗೆಯಲ್ಲಿ ರಂಧ್ರ ಕೊರೆದು ಶ್ವಾಸನಾಳಕ್ಕೆ ಕೊಳವೆ ಇಡುವ ಟ್ರೇಕಿಯಾಸ್ಟಮಿಯಿಂದ ಗುಣ ಕಾಣುತ್ತಿತ್ತು, ನಿಜ. ಆದರೆ ಜೀವನಪೂರ್ತಿ ಆ ರಂಧ್ರವನ್ನು ನೋಡಿಕೊಳ್ಳುತ್ತಾ ಬದುಕಲು ಎಷ್ಟು ಜನ ಒಪ್ಪಿಯಾರು?

1980ರ ಜೂನ್‌ನಲ್ಲಿ ಸಿಡ್ನಿಯ ಕಟ್ಟಡ ಕೆಲಸಗಾರನೊಬ್ಬ ಒಪ್ಪಲಿಲ್ಲ. ಅವನ ವೈದ್ಯ ಕಾಲಿನ್ ಸಲಿವನ್ ಟೊರಾಂಟೊದಲ್ಲಿ ನಾಯಿಗಳ ನಿದ್ದೆ, ಉಸಿರಾಟ ಅಧ್ಯಯನ ಮಾಡಿ ಬಂದವರು. ಗಾಳಿ ಊದಲು ವ್ಯಾಕ್ಯೂಮ್ ಕ್ಲೀನರ್‌ನ ಮೋಟಾರ್, ಒಂದಷ್ಟು ಕೊಳವೆ, ಮೂಗಿಗೆ ಸಿಲಿಕೋನ್ ಅಂಟಿನಿಂದ ಕೂರಿಸಿದ ಮಾಸ್ಕ್: ಇಷ್ಟೇ ಸಲಕರಣೆ. ಹೀಗೆ ಸತತವಾಗಿ ಒತ್ತಡದ ಗಾಳಿ ಊದಿ ಉಸಿರಿನ ದಾರಿಯನ್ನು ತೆರೆದಿಡುವ ವಿಧಾನವೇ ಸಿಪ್ಯಾಪ್. ಒತ್ತಡ ಏರಿಸಿದಾಗ ಗಂಟಲು ತೆರೆದುಕೊಂಡಿತು, ಇಳಿಸಿದಾಗ ಮುಚ್ಚಿತು. ಐವರು ರೋಗಿಗಳ ಫಲಿತಾಂಶ 1981ರ ಏಪ್ರಿಲ್‌ನಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಬೇಕಾದದ್ದು 4.5ರಿಂದ 10 ಸೆಂಟಿಮೀಟರ್ ನೀರಿನ ಒತ್ತಡ; ಹೆಚ್ಚೆಂದರೆ ಅರ್ಧ ಗೇಣು ನೀರಿನಷ್ಟು.

ನನ್ನ ದೃಷ್ಟಿಯಲ್ಲಿ ಆ ಪುಟ್ಟ ಲೇಖನ ಚಿಕಿತ್ಸೆಯಷ್ಟೇ ಅಲ್ಲ, ಪುರಾವೆಯೂ ಹೌದು. ಔಷಧಿಯಿಲ್ಲ, ಕತ್ತರಿಯಿಲ್ಲ, ಮುರಿದ ಮೂಳೆಗೆ ದಬ್ಬೆ ಕಟ್ಟಿದಂತೆ ಗಂಟಲಿಗೆ ಒಳಗಿನಿಂದ ಗಾಳಿಯ ಆಸರೆ, ಅಷ್ಟೇ. ಇಷ್ಟರಿಂದಲೇ ಉಸಿರು ಸರಿಹೋಗುವುದಾದರೆ, ನಿದ್ದೆಯಲ್ಲಿ ಸ್ನಾಯು ಸಡಿಲಗೊಂಡು ಮೆತ್ತನೆಯ ನಾಳ ಕುಸಿಯುವುದೇ ತೊಂದರೆಯ ಮೂಲ ಎಂದಾಯಿತು. ಇಂಥ ಒತ್ತಡದ ಬಳಕೆಯೇನೂ ಹೊಸದಲ್ಲ: ಸ್ಯಾನ್ ಫ್ರಾನ್ಸಿಸ್ಕೊದ ಜಾರ್ಜ್ ಗ್ರೆಗರಿ 1971ರಲ್ಲೇ ನವಜಾತ ಶಿಶುಗಳ ಶ್ವಾಸಕೋಶ ಉಳಿಸಲು ಇದನ್ನು ಬಳಸಿದ್ದರು.

1980ರ ದಶಕದ ಮಧ್ಯದಿಂದ ಯಂತ್ರಗಳು ಮಾರುಕಟ್ಟೆಗೆ ಬಂದವು, ಅಂಟಿನ ಕಾಟ ತಪ್ಪಿತು. 1993ರ ವಿಸ್ಕಾನ್ಸಿನ್ ಅಧ್ಯಯನ, ನಡುವಯಸ್ಸಿನ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 9 ಮಂದಿಗೆ ನಿದ್ದೆಯಲ್ಲಿ ಗಂಟೆಗೆ ಐದು ಸಲವಾದರೂ ಉಸಿರು ತೊಡಕುತ್ತದೆ ಎಂದು ತೋರಿಸಿತು. ಬೊಜ್ಜಿನವರ ಅಪರೂಪದ ಕಾಯಿಲೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಆದರೆ ಸಿಪ್ಯಾಪ್ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ; ಮಾಸ್ಕ್ ತೆಗೆದು ಮಲಗಿದರೆ ಗಂಟಲು ಮತ್ತೆ ಕುಸಿಯುತ್ತದೆ. 2016ರಲ್ಲಿ ಪ್ರಕಟವಾದ, ಭಾರತವೂ ಸೇರಿ ಏಳು ದೇಶಗಳ 2,717 ಹೃದ್ರೋಗ, ಪಾರ್ಶ್ವವಾಯು ಪೀಡಿತರ ‘ಸೇವ್’ ಅಧ್ಯಯನದಲ್ಲಿ ಯಂತ್ರ ಹಗಲಿನ ತೂಕಡಿಕೆ ತಗ್ಗಿಸಿತೇ ಹೊರತು ಹೃದಯಾಘಾತಗಳನ್ನು ತಗ್ಗಿಸಲಿಲ್ಲ. ಅಲ್ಲಿನ ರೋಗಿಗಳು ಸರಾಸರಿ ಮಾಸ್ಕ್ ಹಾಕಿಕೊಂಡದ್ದು ರಾತ್ರಿಗೆ 3.3 ಗಂಟೆ.